ಕಡಲೆಯ ಹುಳಿ ಹಿಡಿದ ಚಳಿಗಾಲ

ಮೊಮ್ಮಕ್ಕಳೇ, ಯುಗಾದಿಯ ಮರುದಿನ ನಮ್ಮ ಮನೆಗೆ ಬರುವ ಆ ಎತ್ತರದ ಅಜ್ಜಿ ನಮಗೆ ಏನಾಗಬೇಕು ಎಂದು ನೀವು ಪ್ರತಿ ವರ್ಷ ಕೇಳುತ್ತೀರಿ. ಆಕೆ ಬಂದ ಕೂಡಲೇ ನಾನು ಕೂತಲ್ಲಿಂದ ಏಳುತ್ತೇನೆ. ಆಕೆ ಬೈದರೆ ನಗುತ್ತೇನೆ. ನಿಮಗೆ ಅದು ವಿಚಿತ್ರವಾಗಿ ಕಾಣುತ್ತದೆ. "ನೆಂಟರೇನೂ ಅಲ್ಲ" ಎಂದಷ್ಟೇ ಹೇಳಿ ನಾನು ಅಡುಗೆ ಮನೆಗೆ ಹೋಗಿಬಿಡುತ್ತೇನೆ. ಎದುರಿಗೆ ಕೂತು ಹೇಳುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಬರೆದರೆ ಹೇಳಬಹುದೇನೋ. ಯಾರ ಹೆಸರನ್ನೂ ಬರೆಯುವುದಿಲ್ಲ. ಅವರ ಮಕ್ಕಳು ಮರಿ ಇನ್ನೂ ಊರಲ್ಲಿದ್ದಾರೆ.

ನಾನು ಕಲಘಟಗಿ ಕಡೆಯವಳು, ದುಮ್ಮವಾಡದ ಹತ್ತಿರದ ಒಂದು ಹಳ್ಳಿಯವಳು. ಅಲ್ಲಿ ಕೆಂಪು ಮಣ್ಣು, ಕೆರೆ, ಭತ್ತದ ಗದ್ದೆ. ಸೋದರಮಾವನ ಊರಲ್ಲಿದ್ದು ಏಳನೆಯ ಇಯತ್ತೆ ಮುಗಿಸಿ, ಹದಿನೇಳು ತುಂಬಿದಾಗ ಮದುವೆಯಾಗಿ ನವಲಗುಂದದ ಈ ಎರೆ ಸೀಮೆಗೆ ಬಂದೆ. ಬಸ್ಸಿನಿಂದ ಇಳಿದು ನೋಡಿದರೆ ಕಣ್ಣು ಹಾಯುವಷ್ಟು ದೂರ ಕರಿ ಮಣ್ಣು, ನೆರಳಿಗೆಂದು ಒಂದು ಗಿಡವಿಲ್ಲ. ಹತ್ತು ವರ್ಷ ಬಾಳಿದರೂ ನಮ್ಮ ಹೊಲದ ಬದು ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ರೊಟ್ಟಿ ಬಡಿದು ಬುತ್ತಿ ಕಟ್ಟಿ ಕೊಡುವುದು ನನ್ನ ಪಾಲಿನದು. ಹೊಲ ಅತ್ತೆಯದು ಮತ್ತು ನಿಮ್ಮಜ್ಜನದು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಭಾದ್ರಪದದಲ್ಲಿ, ನಿಮ್ಮಜ್ಜನಿಗೆ ಕಾಮಾಲೆಯಾಯಿತು. ಗಿಡಮೂಲಿಕೆ ಆಯಿತು, ಹುಬ್ಬಳ್ಳಿಯ ದವಾಖಾನೆಯೂ ಆಯಿತು. ಹದಿನೆಂಟನೆಯ ದಿನ ತೀರಿಕೊಂಡರು. ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು; ಈಗ ಅವರು ನಿಮ್ಮಲ್ಲಿ ಕೆಲವರಿಗೆ ಅವ್ವ, ಕೆಲವರಿಗೆ ಅಪ್ಪ.

ಆಮೇಲಿನ ಮೂರು ತಿಂಗಳನ್ನು ಹೇಗೆ ಹೇಳಲಿ? ಅಳು ಬೇಗ ನಿಂತಿತ್ತು. ಅದಕ್ಕಿಂತ ಕೆಟ್ಟದ್ದು ಶುರುವಾಗಿತ್ತು. ಬಾಗಿಲು ಬಡಿದ ಸಪ್ಪಳಕ್ಕೆ ಎದೆ ಹಾರುತ್ತಿತ್ತು. ಹನ್ನೆರಡನೆಯ ವಯಸ್ಸಿನಿಂದ ಬಡಿಯುತ್ತ ಬಂದ ರೊಟ್ಟಿ ಹಂಚಿಗೆ ಹಾಕುವಾಗ ನಡುವೆ ಹರಿದು ಎರಡಾಗುತ್ತಿತ್ತು. ಅತ್ತೆ ಆ ಹರಿದ ರೊಟ್ಟಿಯನ್ನೇ ತಿನ್ನುತ್ತಿದ್ದರು. ಮಾತಾಡಿಸಲು ಬಂದ ಹೆಂಗಸರು ನನ್ನ ಬರಿಗೈ ನೋಡಿ ಮುಖ ಸಣ್ಣ ಮಾಡುತ್ತಿದ್ದರು. "ಪಾಪ, ಇನ್ನೂ ಇಪ್ಪತ್ತೇಳರ ಹುಡಿಗಿ" ಎಂದು ಬಾಗಿಲಲ್ಲೇ ಅಂದುಕೊಂಡು ಹೋಗುತ್ತಿದ್ದರು. ನಾನು ಹೊಸ್ತಿಲು ದಾಟುತ್ತಿರಲಿಲ್ಲ.

ನನ್ನ ವಿಷಯವನ್ನು ಉಳಿದವರು ತೀರ್ಮಾನಿಸಿದ್ದರು. ಶಿವರಾತ್ರಿ ಮುಗಿದ ಮೇಲೆ ನಮ್ಮ ಅಣ್ಣ ಬಂದು ನನ್ನನ್ನೂ ಮಕ್ಕಳನ್ನೂ ತವರಿಗೆ ಕರೆದುಕೊಂಡು ಹೋಗುವುದು. ಆರು ಎಕರೆ ಹೊಲವನ್ನು ನಿಮ್ಮಜ್ಜನ ಚಿಕ್ಕಪ್ಪನ ಮಗ, ನಾನು ಭಾವ ಎನ್ನುತ್ತಿದ್ದವರು, ಲಾವಣಿಗೆ, ಅಂದರೆ ಗೇಣಿಗೆ, ಮಾಡಿಕೊಂಡು ಹೋಗುವುದು. ಅತ್ತೆಯನ್ನು ಅವರೇ ನೋಡಿಕೊಳ್ಳುವುದು. ಆ ವರ್ಷ ನಮ್ಮ ಹೊಲಕ್ಕೆ ಕಡಲೆ ಬಿತ್ತಿಸಿ ಕೊಟ್ಟವರು ಭಾವನೇ. ಅದು ಉಪಕಾರವೇ, ಇಲ್ಲವೆನ್ನಲಾರೆ. ಆದರೆ ಬಿತ್ತಿಸಿದ ದಿನದಿಂದ ಅವರು "ನಿಮ್ಮ ಹೊಲ" ಎನ್ನುವುದನ್ನು ಬಿಟ್ಟು "ಆ ರಸ್ತೆ ಬಾಜು ಹೊಲ" ಎನ್ನತೊಡಗಿದ್ದರು. ಅಣ್ಣನ ಊರಿನ ಶಾಲೆ ನಾಲ್ಕನೆಯ ಇಯತ್ತೆಗೆ ಮುಗಿಯುತ್ತಿತ್ತು. ಮೂರನೆಯ ಇಯತ್ತೆ ಓದುತ್ತಿದ್ದ ಮಗಳು ಇನ್ನೊಂದು ವರ್ಷಕ್ಕೆ ಅತ್ತಿಗೆಯ ಮಕ್ಕಳನ್ನು ಆಡಿಸುತ್ತ ಕೂರುವುದು ನನಗೆ ಕಾಣುತ್ತಿತ್ತು. ಕಾಣುತ್ತಿತ್ತು, ಅಷ್ಟೇ. ಬಾಯಿ ಬಿಡುತ್ತಿರಲಿಲ್ಲ. ದೊಡ್ಡವರು ಮಾತಾಡುವಾಗ ನಾನು ಬಾಗಿಲ ಹಿಂದೆ ನಿಲ್ಲುವವಳು.

ಚಳಿ ಬಿದ್ದ ಮೇಲೆ ಒಂದು ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಒಬ್ಬ ಎತ್ತರದ ಹೆಂಗಸು ಬಂದು ನಿಂತಳು. ಊರ ಅಂಚಿನ ಕೇರಿಯವಳು, ಬುದ್ಧನ ಪಟ ಇಟ್ಟ ಮನೆಯವಳು, ಕಳೆ ತೆಗೆಯಲು ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದವಳು. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು. ಗಂಡ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದ.

"ಅವ್ವಾರ, ನಿಮ್ಮ ಕಡ್ಲಿ ಅಗದಿ ಛಲೋ ಬಂದೈತಿ. ಮಂಜೂ ಭಾಳ ಬೀಳಾಕತ್ತೈತಿ. ಹುಳಿ ಹಿಡಕೊಂತೀನ್ರಿ. ಅರ್ಧಾ ನಿಮಗ, ಅರ್ಧಾ ನನಗ" ಎಂದಳು ಅತ್ತೆಗೆ.

ಹುಳಿ ಎಂದರೆ ನೀವು ಹುಣಸೆ ಹುಳಿ ಎಂದುಕೊಂಡೀರಿ. ಕಡಲೆ ಗಿಡದ ಎಲೆಯ ಮೇಲೆ ಹುಳಿ ಇರುತ್ತದೆ. ಬೆಳಗಿನ ಮಂಜು ಅದರ ಮೇಲೆ ಕೂತಾಗ ಬಿಳಿ ಬಟ್ಟೆಯನ್ನು ಗಿಡದ ತುದಿಗೆ ತಾಗಿಸುತ್ತ ಹೋದರೆ ಬಟ್ಟೆ ಆ ನೀರನ್ನು ಹೀರುತ್ತದೆ. ಅದನ್ನು ಹಿಂಡಿ ಬಾಟಲಿಯಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹೊಟ್ಟೆ ಉಬ್ಬರಕ್ಕೆ, ಅಜೀರ್ಣಕ್ಕೆ ನಮ್ಮ ಕಡೆ ಅದೇ ಮದ್ದು. ಅತ್ತೆಗೆ ಆಗಾಗ ಹೊಟ್ಟೆ ಹಿಡಿಯುತ್ತಿತ್ತು. ಅವರ ಬಾಟಲಿ ಆ ವರ್ಷ ಬರಿದಾಗಿತ್ತು, ಏಕೆಂದರೆ ಪ್ರತಿ ಚಳಿಗಾಲ ಹುಳಿ ಹಿಡಿಯುತ್ತಿದ್ದವರು ಅತ್ತೆ ಮತ್ತು ಅವರ ಮಗ.

"ಹಿಡಕೋ. ಆದ್ರ ಅರಿವಿ ಎರಡೂ ಕಡೆ ಹಿಡಿಯಾಕ ಇಬ್ಬರು ಬೇಕಲ್ಲ?" ಎಂದರು ಅತ್ತೆ.

"ಅದಕ್ಕ ಬಂದೇನ್ರಿ. ಯಾರನ್ನರ ಕಳಸ್ರಿ."

ಕಳಿಸಲು ಯಾರಿದ್ದರು? ಆ ವರ್ಷ ಅತ್ತೆಯ ಮೊಣಕಾಲು ಹಿಡಿದುಕೊಂಡಿತ್ತು. ನನ್ನ ಕಡೆ ತಿರುಗಿ, "ನೀನ ಹೋಗು" ಎಂದರು. ನಾನು ಕೇಳಿಸಿಕೊಂಡದ್ದು ಸರಿಯೇ ಎಂದು ನಿಂತೇ ಇದ್ದೆ. ಅವರು ಒಳಗೆ ಹೋಗಿ ಟ್ರಂಕು ತೆರೆದು ಮಗನ ಹಳೆಯ ಧೋತರ ತಂದು ನನ್ನ ಮಡಿಲಿಗೆ ಹಾಕಿದರು. "ಹಳೇದ ಬೇಕು. ಹೊಸಾ ಅರಿವ್ಯಾಗ ಗಂಜಿ ಇರತೈತಿ, ನೀರು ಹೀರೂದಿಲ್ಲ." ಆ ಧೋತರವನ್ನು ನಾನು ಮೂರು ತಿಂಗಳಿಂದ ಮುಟ್ಟಿರಲಿಲ್ಲ. ಅವರೂ ಮುಟ್ಟಿರಲಿಲ್ಲ.

ಮರುದಿನ ಬೆಳಕು ಹರಿಯುವಾಗ ಹೊಲದಲ್ಲಿದ್ದೆವು. ಎರೆ ಮಣ್ಣು ಮಂಜಿಗೆ ಮೆತ್ತಗಾಗಿ ಚಪ್ಪಲಿಗೆ ಹತ್ತುತ್ತಿತ್ತು. ಆಕೆ ಧೋತರದ ಎರಡು ತುದಿ ಹಿಡಿದಳು, ನಾನು ಎರಡು. ನಡುವಿನ ಬಟ್ಟೆ ಸ್ವಲ್ಪ ಜೋಲು ಬಿದ್ದು ಗಿಡದ ತಲೆ ಸವರುವಂತೆ ಹಿಡಿದು ನಡೆಯಬೇಕು. ನಾನು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮುಂದಾಗಿಬಿಟ್ಟೆ.

"ಅವ್ವಾರ, ಯಾರೂ ಬೆನ್ನ ಹತ್ತಿಲ್ರಿ. ಎಳೀಬ್ಯಾಡ್ರಿ, ಹೂ ಉದರತಾವು."

ನಿಧಾನ ಮಾಡಿದೆ. ಹಿಂದಾದೆ.

"ಈಗ ನಿಂತಬಿಟ್ರಲ್ಲ! ನನ್ನ ಹೆಜ್ಜಿ ನೋಡ್ರಿ, ಮಾರಿ ನೋಡಬ್ಯಾಡ್ರಿ."

ನಾಲ್ಕು ಸಾಲು ಮುಗಿಯುವ ಹೊತ್ತಿಗೆ ಹೆಜ್ಜೆ ಕೂಡಿತು. ಧೋತರ ಒದ್ದೆಯಾಗಿ ಭಾರವಾಯಿತು. ಆಕೆ ಒಂದು ಕಡೆಗೆ, ನಾನು ಇನ್ನೊಂದು ಕಡೆಗೆ ತಿರುವಿ ಹಿಂಡಿದೆವು. ನನ್ನ ಬೆರಳ ಸಂದಿಯ ಬಿರುಕುಗಳಿಗೆ ಹುಳಿ ತಾಗಿ ಬೆಂಕಿ ಇಟ್ಟಂತೆ ಉರಿಯಿತು. ಬೆರಳು ಚೀಪಿದರೆ ಹಲ್ಲು ಜುಮ್ಮೆಂದವು. ಎಷ್ಟೋ ದಿನಗಳ ಮೇಲೆ ನಾಲಿಗೆಗೆ ಒಂದು ರುಚಿ ಗೊತ್ತಾದದ್ದು ನೆನಪಿದೆ.

ಆಕೆ ತನ್ನ ಪಾಲನ್ನು ಗಾಜಿನ ಬಾಟಲಿಗೆ ತುಂಬಿಕೊಂಡಳು. ನನ್ನ ಪಾಲನ್ನು ನಾನು ತಂದಿದ್ದ ಹಿತ್ತಾಳೆ ತಂಬಿಗೆಗೆ ಸುರಿದುಕೊಂಡು ಮನೆಗೆ ಬಂದು ಅಡುಗೆ ಮನೆಯ ಗೂಡಿನಲ್ಲಿಟ್ಟೆ. ಏನೋ ಒಂದು ಕೆಲಸ ಮಾಡಿದೆನೆಂಬ ಸಣ್ಣ ಹೆಮ್ಮೆ ಇತ್ತು. ಮಧ್ಯಾಹ್ನ ಅತ್ತೆ ತಂಬಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಒಳಗಿನ ನೀರು ಹಸಿರಾಗಿತ್ತು. ತಂಬಿಗೆಗೆ ಕಲಾಯಿ ಇರಲಿಲ್ಲ. ಹುಳಿ ಹಿತ್ತಾಳೆಯನ್ನು ತಿಂದು ಕಿಲುಬು ಎದ್ದಿತ್ತು.

"ಇದನ್ನ ಕುಡದಿದ್ರ ನಾನೂ ಅವನ ಹಿಂದ ಹೋಗತಿದ್ನಿ. ಇಷ್ಟೂ ತಿಳೂದಿಲ್ಲೇನು?" ಎಂದು ಹಿತ್ತಲ ಬೂದಿಗುಂಡಿಗೆ ಸುರಿದರು.

ಆ ಮಾತು ನನ್ನನ್ನು ಅಲ್ಲಿಯೇ ಕೂರಿಸಿಬಿಟ್ಟಿತು. ಅಣ್ಣ ಹೇಳುವುದೇ ಸರಿ, ಈ ಸೀಮೆಯ ನೀರು ನೆಲ ಯಾವುದೂ ನನಗೆ ತಿಳಿಯುವುದಿಲ್ಲ, ಹೋಗಿಬಿಡುವುದೇ ಒಳ್ಳೆಯದು ಎನಿಸಿತು. ಸಂಜೆ ಆಕೆ ಬಂದಾಗ ತಲೆ ತಗ್ಗಿಸಿಕೊಂಡು ನಡೆದದ್ದನ್ನು ಹೇಳಿದೆ. ಆಕೆ ಬಾಯಿಗೆ ಸೆರಗು ಇಟ್ಟುಕೊಂಡಳು. ಆಮೇಲೆ ಸೆರಗೂ ಸಾಲದೆ ಗೋಡೆ ಹಿಡಿದು ನಗತೊಡಗಿದಳು.

"ಹಿತ್ತಾಳಿ ತಂಬಿಗ್ಯಾಗ! ಅವ್ವಾರ, ನಿಮ್ಮ ಸೀಮ್ಯಾಗ ಭತ್ತದ ಹುಳಿ ಹಿಡದು ಇದರಾಗ ಇಡತಾರೇನ್ರಿ?"

"ನಮ್ಮ ಕಡೆ ಹುಳೀನ ಹಿಡಿಯೂದಿಲ್ಲ" ಎಂದೆ.

"ಮತ್ತ ಹೊಟ್ಟಿ ನೋವು ಬಂದ್ರ ಏನ್ ಮಾಡತೀರಿ? ಅಳಕೋತ ಕೂಡತೀರೇನು?"

ಆ ಮೂರು ತಿಂಗಳಲ್ಲಿ ನನ್ನನ್ನು ನೋಡಿ ಎಲ್ಲರೂ ಮರುಗಿದ್ದರು. ನಕ್ಕವಳು ಆಕೆಯೊಬ್ಬಳೇ. ನಗುವಿನಲ್ಲಿ ನನ್ನನ್ನು ಉಳಿದ ಹೆಂಗಸರ ಸಾಲಿಗೆ ಸೇರಿಸಿಕೊಂಡಿದ್ದಳು. ತಪ್ಪು ಮಾಡುವ, ಬೈಸಿಕೊಳ್ಳುವ, ನಾಳೆ ಸರಿ ಮಾಡುವ ಹೆಂಗಸರ ಸಾಲಿಗೆ. ನನಗೂ ನಗು ಬಂತು. ಒಳಗಿದ್ದ ಮಗಳು ಓಡಿ ಬಂದು ನನ್ನ ಮುಖ ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

"ನಾಳೆ ಮತ್ತ ಹೋಗೂಣು. ಬಾಟ್ಲಿ ನಾ ತರತೀನಿ" ಎಂದಳು.

ಅವತ್ತು ತಂಬಿಗೆಯ ಹುಳಿ ಕೆಡದಿದ್ದರೆ ಒಂದೇ ದಿನಕ್ಕೆ ಮುಗಿದುಹೋಗುತ್ತಿತ್ತು. ಕೆಟ್ಟಿತೆಂದು ಮರುದಿನ ಹೋದೆವು. ಒಂದು ಬಾಟಲಿ ತುಂಬಿದ ಮೇಲೆ ಅತ್ತೆ ಇನ್ನೊಂದು ಕೊಟ್ಟರು. ಮಂಜು ಬೀಳುವಷ್ಟು ದಿನ, ಹೆಚ್ಚುಕಡಿಮೆ ಇಪ್ಪತ್ತು ಬೆಳಗು, ನಾವಿಬ್ಬರೂ ಆ ಹೊಲದಲ್ಲಿ ನಡೆದೆವು.

ಒಂದು ವಿಷಯ ಮುಚ್ಚಿಡಬಾರದು. ಹುಳಿ ಹಿಂಡಿ ಬಂದ ಮೇಲೆ ಆಕೆಗೆ ಹಿತ್ತಲಲ್ಲಿ ಚಹಾ ಕೊಡುತ್ತಿದ್ದೆ. ಆಕೆಗೆಂದು ಬೇರೆ ಕಪ್ಪು ಇತ್ತು, ಹಿತ್ತಲ ಗೋಡೆಯ ಮೇಲೆ ಬೋರಲು ಇಟ್ಟಿರುತ್ತಿತ್ತು. ಆಕೆಯೇ ತೊಳೆದು ಇಡುತ್ತಿದ್ದಳು. ಅದನ್ನು ಅಲ್ಲಿಟ್ಟವರು ಅತ್ತೆ ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಅಲ್ಲಿಂದ ತೆಗೆಯದವಳು ನಾನು. ಒಂದೇ ಧೋತರವನ್ನು ಇಬ್ಬರೂ ಹಿಂಡಿದ ನೀರು ನಮ್ಮ ಗೂಡಿನಲ್ಲಿ ಮದ್ದಾಗಿ ಕೂತಿತ್ತು, ಆಕೆಯ ಕಪ್ಪು ಮಾತ್ರ ಹೊರಗೆ. ಆಕೆ ಅದರ ಬಗ್ಗೆ ಒಮ್ಮೆ ಮಾತ್ರ, ಕಪ್ಪು ತೊಳೆಯುತ್ತ, "ಊರಾಗ ನನಗ ಎಷ್ಟು ಮನಿ ಅದಾವೋ ಅಷ್ಟು ಕಪ್ಪ ಅದಾವ ನೋಡ್ರಿ, ಸಾವಕಾರ್ತಿ ನಾನು" ಎಂದಳು. ಆ ಕಪ್ಪನ್ನು ತೆಗೆದು ಮನೆಯ ಕಪ್ಪಿನಲ್ಲಿ ಒಳಗೆ ಕೂರಿಸಿ ಚಹಾ ಕೊಡಲು ನನಗೆ ಮತ್ತೆರಡು ವರ್ಷ ಬೇಕಾದವು. ಕೃತಜ್ಞತೆ ಎಂದು ಬರೆಯಲು ಕೂತವಳು ಇದನ್ನೂ ಬರೆಯಬೇಕು.

ಹೊಲದಲ್ಲಿ ಆಕೆ ನನಗೆ ಎಲ್ಲವನ್ನೂ ತೋರಿಸಿದಳು. ನಮ್ಮ ಬದು ಎಲ್ಲಿಂದ ಎಲ್ಲಿಯವರೆಗೆ, ನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಕಾಯಿಗೆ ತೂತು ಬಿದ್ದಿದ್ದರೆ ಒಳಗೆ ಕೀಡೆ ಇದೆಯೆಂದು ಹೇಗೆ ಗೊತ್ತಾಗುತ್ತದೆ. ಒಂದು ದಿನ ಬದುವಿನ ಮೇಲೆ ಕೂತಾಗ ಅಣ್ಣನ ವಿಷಯ ಹೇಳಿದೆ. ಶಿವರಾತ್ರಿಗೆ ಹೋಗುತ್ತೇವೆ ಎಂದೆ.

"ನಿಮಗ ಹೋಗೂ ಮನಸೈತೇನ್ರಿ?"

ಈ ಮಾತನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಉತ್ತರ ಬಾಯಿಗೆ ಬರುವ ಮೊದಲೇ ತಲೆ ಅಡ್ಡ ಆಡಿತ್ತು.

"ಮತ್ತ ಹೇಳಬೇಕಲ್ರಿ!"

"ನನಗ ದನಿ ಬರೂದಿಲ್ಲ ಯಕ್ಕಾ."

ಯಕ್ಕಾ ಎಂದದ್ದು ನನಗೇ ಆಮೇಲೆ ಗೊತ್ತಾಯಿತು. ಆಕೆ ಗೊತ್ತಾಗದವಳಂತೆ ಎದ್ದು ನಿಂತು ಸೀರೆ ಕೊಡವಿದಳು. "ಬರತೈತಿ. ಬರಸೂಣು."

ಕಡಲೆ ಸುಲಗಾಯಿಯಾದಾಗ, ಅಂದರೆ ಹಸಿ ಕಾಯಿ ತುಂಬಿದಾಗ, ರಸ್ತೆಯಲ್ಲಿ ಹೋಗುವವರು ಹೊಲಕ್ಕೆ ಇಳಿದು ಗಿಡಗಳನ್ನು ಹಿಡಿಹಿಡಿಯಾಗಿ ಕಿತ್ತುಕೊಂಡು ಹೋಗುತ್ತಾರೆ. ಅವರನ್ನು ಒದರಿ ಓಡಿಸುವುದು ಹೊಲದವರ ಕೆಲಸ. ಆ ಕೆಲಸಕ್ಕೆ ಆಕೆ ನನ್ನನ್ನು ನಿಲ್ಲಿಸಿದಳು. ಮೊದಲ ದಿನ ಸಂತೆಗೆ ಹೊರಟ ಇಬ್ಬರು ಇಳಿದರು. ನಾನು ಬಾಯಿ ತೆರೆದೆ. ಕೋಳಿಮರಿಯ ದನಿ ಬಂತು. ಅವರು ತಿರುಗಿಯೂ ನೋಡಲಿಲ್ಲ, ಎರಡು ಹಿಡಿ ಕಿತ್ತುಕೊಂಡು ಹೋದರು.

"ಅವರಿಗೆ ಹೊಟ್ಟಿ ತುಂಬಾ ತಿನ್ನರಿ ಅಂದಂಗಾತು" ಎಂದಳು. "ನಿಮ್ಮ ಮಗಾ ಬಾವಿ ಕಡೆ ಓಡಾಕತ್ತಾನ ಅಂತ ತಿಳೀರಿ. ಈಗ ಒದರ್ರಿ."

ನಾಲ್ಕೈದು ದಿನ ಕಳೆದವು. ಒಂದು ಬೆಳಗ್ಗೆ ಮಂಜಿನಲ್ಲಿ ರಸ್ತೆಯ ಬದಿಗೆ ಒಬ್ಬ ಬಗ್ಗಿ ಗಿಡ ಕೀಳುತ್ತಿದ್ದುದು ಕಂಡಿತು. ಒಂದು ಹಿಡಿಯಲ್ಲ, ಹೊರೆಯಷ್ಟು. ನನ್ನ ಹೊಟ್ಟೆಯೊಳಗಿಂದ ಎಲ್ಲಿಂದಲೋ ದನಿ ಎದ್ದಿತು. "ಯಾರಂವಾ! ಬಿಡೋ ಕಡ್ಲಿ! ಹೊಲಕ್ಕ ದಿಕ್ಕಿಲ್ಲಂತ ತಿಳದೀಯೇನು?"

ಆ ಮನುಷ್ಯ ನೆಟ್ಟಗಾದ. ರುಮಾಲು ಕಂಡಿತು. ಭಾವ.

"ನಾನವಾ, ನಾನ! ಮನಿಗೆ ಬೀಗರು ಬಂದಾರ, ಸುಲಗಾಯಿ ಅಂದ್ರು. ಅದಕ..."

ತಲೆಯ ಮೇಲೆ ಸೆರಗು ಎಳೆದುಕೊಂಡೆ. ಭಾವನಿಗೆ "ಬಿಡೋ" ಎಂದಿದ್ದೆ, ಅದೂ ಬಯಲಲ್ಲಿ. ಅವರು ಹೊರೆ ಕಂಕುಳಲ್ಲಿಟ್ಟುಕೊಂಡು, ನನ್ನ ಪಕ್ಕದಲ್ಲಿದ್ದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೋದರು. ಅವರು ದೂರ ಹೋದ ಮೇಲೆ ಆಕೆ ಮೆಲ್ಲಗೆ, "ದನಿ ಛಲೋ ಬಂತ್ರಿ. ಬಂದದ್ದು ಮಾತ್ರ ಸ್ವಲ್ಪ ದೊಡ್ಡ ಹಕ್ಕಿ ಆತು" ಎಂದಳು.

ಅದರ ಫಲ ವಾರದೊಳಗೆ ಬಂತು. ಶಿವರಾತ್ರಿಗೆ ಬರಬೇಕಾದ ಅಣ್ಣ ಕಡಲೆ ಕೀಳುವ ಮೊದಲೇ ಬಂದಿಳಿದ. ಭಾವ ಮನುಷ್ಯನನ್ನು ಕಳಿಸಿ ಹೇಳಿಸಿದ್ದರು. ಪಡಸಾಲೆಯಲ್ಲಿ ಅಣ್ಣ, ಭಾವ, ಅತ್ತೆ ಕೂತರು. ನಾನು ಬಾಗಿಲ ಹಿಂದೆ.

"ನಮ್ಮ ತಂಗಿ ಬೆಳಗಾದ್ರ ಕೇರಿಯಾಕಿ ಜೋಡಿ ಹೊಲದಾಗ ಅಡ್ಡಾಡತಾಳಂತ. ಮಂದಿ ಮ್ಯಾಲೆ ಒದರತಾಳಂತ. ಇದು ನಮ್ಮ ಮನಿತನಾ ಏನ್ರಿ?" ಎಂದ ಅಣ್ಣ ಅತ್ತೆಗೆ. "ನಾಳೆ ಮುಂಜಾನೆ ಬಸ್ಸಿಗೆ ಮೂವರನ್ನೂ ಕರಕೊಂಡು ಹೊಕ್ಕೀನಿ."

ಅತ್ತೆ ಅಡಕೆ ಕತ್ತರಿಸುತ್ತ ಕೂತಿದ್ದರು. ನನ್ನ ಅಣ್ಣ ಕೆಟ್ಟವನಲ್ಲ, ಅದನ್ನು ನೀವು ತಿಳಿದಿರಬೇಕು. ಅಪ್ಪ ಹೋದ ಮೇಲೆ ನನ್ನ ಮದುವೆ ಮಾಡಿದವನು ಅವನೇ. ಅವನ ಎದುರು ನಾನು ಒಂದು ದಿನವೂ ಒಲ್ಲೆ ಎಂದವಳಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಮಗಳು ಪಾಟಿ ಹಿಡಿದು ಶಾಲೆಗೆ ಹೊರಟು ನಿಂತಿದ್ದಳು, ಇವತ್ತು ಹೋಗಲೇ ಬೇಡವೇ ಎಂಬಂತೆ ನನ್ನನ್ನೇ ನೋಡುತ್ತಿದ್ದಳು.

"ನಾ ಬರೂದಿಲ್ಲಣ್ಣ" ಎಂದೆ.

ಅಣ್ಣ ಕೇಳಿಸದವನಂತೆ ಭಾವನೊಡನೆ ಬಸ್ಸಿನ ಹೊತ್ತು ಮಾತಾಡುತ್ತಿದ್ದ. ಬಾಗಿಲಿನಿಂದ ಈಚೆ ಬಂದು ನಿಂತೆ.

"ಅಣ್ಣಾ, ನಾ ಬರೂದಿಲ್ಲ. ಹೊಲಾ ನಾನ ಮಾಡತೀನಿ. ಮಗಳು ಇಲ್ಲೇ ಸಾಲಿ ಕಲೀತಾಳ."

"ನೀ ಹೊಲಾ ಮಾಡತಿ?" ಭಾವ ನಕ್ಕರು. "ಆತು, ಮಾಡು. ಬಿತ್ತೂ ಮುಂದ ಯಾರ ಕೈಲೆ ಕಾಳು ಬಿಡಸ್ತಿ? ನಿನ್ನ ಕೈಲೆ ಬಿಡಾಕ ಬರತೈತೇನು?"

ನಮ್ಮ ಕಡೆ ಬೀಜ ಬಿತ್ತುವ ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಕಾಳನ್ನು ಮುತ್ತೈದೆ ಬಿಡಬೇಕು. ಗಂಡ ಸತ್ತವಳು ಬೀಜದ ಬುಟ್ಟಿಯ ಹತ್ತಿರವೂ ನಿಲ್ಲುವುದಿಲ್ಲ. ಅಲ್ಲಿಗೆ ಮಾತು ಮುಗಿಯಿತೆಂದು ಅಣ್ಣ ಎದ್ದ.

ಆಗ ಅತ್ತೆ ಅಡಕತ್ತರಿ ಕೆಳಗಿಟ್ಟರು. "ಅಕಿ ಬರೂದಿಲ್ಲ ಅಂದದ್ದು ನನಗ ಕೇಳಸ್ತು. ನಿನಗ ಕೇಳಸ್ಲಿಲ್ಲೇನಪಾ?"

ಅಣ್ಣ ಊಟ ಮಾಡದೆ ಮಧ್ಯಾಹ್ನದ ಬಸ್ಸಿಗೆ ಹೋದ. ನಾನು ಬಡಿದಿಟ್ಟ ರೊಟ್ಟಿ ಬುಟ್ಟಿಯಲ್ಲೇ ಉಳಿದವು. ಅವನು ಹಸಿದು ಹೋದ ನೋವು ವರ್ಷವಿಡೀ ನನ್ನೊಳಗಿತ್ತು. ಆದರೂ ಆ ಸಂಜೆ ನೋಡಿದಾಗ ಒಂದು ರೊಟ್ಟಿಯೂ ಹರಿದಿರಲಿಲ್ಲ.

ಕಡಲೆ ಕಿತ್ತೆವು. ಬೇಸಿಗೆ ಕಳೆಯಿತು, ಮುಂಗಾರಿನಲ್ಲಿ ಹೆಸರುಕಾಳು ಹಾಕಿಸಿದೆವು. ಅದನ್ನು ಬಿತ್ತುವಾಗ ಓಣಿಯ ಒಬ್ಬ ಮುತ್ತೈದೆ ಬಂದು ಕಾಳು ಬಿಟ್ಟಿದ್ದಳು. ಬೆಳೆ ಅಷ್ಟಕ್ಕಷ್ಟೆ ಬಂತು. ಹಿಂಗಾರಿಗೆ, ದಸರೆ ಮುಗಿದ ಮೇಲೆ, ಕಡಲೆ ಬಿತ್ತುವ ಹದ ಬಂತು. ಬಾಡಿಗೆಗೆ ಎತ್ತು, ಕೂರಿಗೆ ಹೇಳಿದೆ. ಆದರೆ ಬೆಳಗ್ಗೆ ಆ ಮುತ್ತೈದೆ ತಲೆ ನೋವೆಂದು ಹೇಳಿ ಕಳಿಸಿದಳು. ಇನ್ನೊಬ್ಬಳು ಊರಿಗೆ ಹೋಗಿದ್ದಳಂತೆ. ತಲೆ ನೋವು ಯಾರದೆಂದು ನನಗೆ ಗೊತ್ತಿತ್ತು. ಭಾವನ ಮನೆಯ ಬಾಜೂಕೇ ಅವರ ಮನೆ. ಹದ ಎರಡು ದಿನ ತಪ್ಪಿದರೆ ಎರೆ ಮಣ್ಣು ಕಲ್ಲಾಗುತ್ತದೆ. ಆ ವರ್ಷ ಬಿತ್ತಲಾಗದಿದ್ದರೆ ಮುಂದಿನ ವರ್ಷ ಹೊಲ ಭಾವನ ಕೈಗೆ, ನಾವು ಅಣ್ಣನ ಮನೆಗೆ. ಅತ್ತೆಗೂ ತಿಳಿದಿತ್ತು.

ಅತ್ತೆಯೂ ನನ್ನ ಗೆಳತಿಯೂ ನನ್ನ ಜೊತೆ ಹೊಲಕ್ಕೆ ಬಂದರು; ಅಲ್ಲಿ ಕೂರಿಗೆಯವನು ಎತ್ತು ಹೂಡಿ ಕಾಯುತ್ತಿದ್ದ. "ಯಾರರ ಮುತ್ತೈದೇರು ಬರಲ್ರಿ ಅವ್ವಾರ. ನಾ ನಿಂತಿರತೀನಿ."

ಅತ್ತೆ ನನ್ನ ಗೆಳತಿಯ ಕೈಯ ಹಸಿರು ಬಳೆ ನೋಡಿದರು. ಅವರು ಆ ಮಾತನ್ನು ಆಡಲು ಎಷ್ಟು ದೂರ ನಡೆದು ಬಂದಿದ್ದರೆಂದು ನಿಮಗೆ ಈಗ ತಿಳಿಯಲಿಕ್ಕಿಲ್ಲ. "ನೀನ ಬಿಡವಾ ಮೊದಲನೇ ಹಿಡಿ" ಎಂದರು ಆಕೆಗೆ.

ಆಕೆ ಒಪ್ಪುತ್ತಾಳೆಂದು ನಾನು ಉಸಿರು ಬಿಟ್ಟೆ. ಆಕೆ ಬುಟ್ಟಿ ಮುಟ್ಟಲಿಲ್ಲ.

"ನಾ ಒಲ್ಲೆರಿ. ನಮ್ಮ ಮನ್ಯಾಗ ಇವು ಯಾವೂ ನಡಿಯೂದಿಲ್ಲ. ನನ್ನ ಗಂಡ ವರ್ಷಕ್ಕ ಎರಡ ಸರತಿ ಮಾರಿ ತೋರಸ್ತಾನ. ಅವನ ಪುಣ್ಯೇದಲೆ ಕಾಳು ಹುಟ್ಟತಾವಂದ್ರ ನಿಮ್ಮ ಕಡ್ಲೀನೂ ಹೋಳಿಗೊಮ್ಮೆ, ದೀವಳಿಗಿಗೊಮ್ಮೆ ಹುಟ್ಟಬೇಕಾಗತೈತಿ."

ಕೂರಿಗೆಯವನು ನಗು ತಡೆಯಲು ಎತ್ತಿನ ಕಡೆ ತಿರುಗಿದ.

"ಕಾಳಿಗೇನ ಗೊತ್ತು ಕೈಯಾಗ ಬಳಿ ಅದಾವೋ ಇಲ್ಲೋ? ಹೊಲಾ ಇಕಿದು. ಬಿಟ್ರ ಇಕಿ ಬಿಡಬೇಕು. ಈ ಸಲ ನಾ ಬಿಡತೀನಿ, ಮುಂದಿನ ಸಲ ನನಗ ಜ್ವರಾ ಬಂದ್ರ ಯಾರನ್ನ ಹುಡಿಕ್ಕೋತ ಹೊಕ್ಕೀರಿ?" ನನ್ನ ಕಡೆ ತಿರುಗಿದಳು. "ಕಟ್ಟಕೋ ಉಡಿ. ಇಲ್ಲಾ, ನಾ ಹೊಂಟ್ನಿ ನೋಡು."

ಮೊದಲ ಸಲ ನನಗೆ "ನೀನು" ಎಂದಿದ್ದಳು. ಅತ್ತೆಯನ್ನು ನೋಡಿದೆ. ಮಾವ ತೀರಿದಾಗಿನಿಂದ ಅವರೂ ಇಪ್ಪತ್ತು ವರ್ಷ ಬೀಜದ ಬುಟ್ಟಿಯಿಂದ ದೂರ ನಿಂತವರೇ. ಅವರು ಬಗ್ಗಿ ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿ ನನ್ನ ಉಡಿಗೆ ಕಾಳು ಸುರಿದರು. ಕೂರಿಗೆಯವನು ಒಂದು ಗಳಿಗೆ ನಿಂತು, "ನಡೀರಿ ಹಂಗಾರ" ಎಂದು ಎತ್ತು ಹೊಡೆದ. ನಾನು ಕೂರಿಗೆಯ ಹಿಂದೆ ನಡೆಯುತ್ತ ಬಟ್ಟಲಿಗೆ ಕಾಳು ಬಿಟ್ಟೆ. ಸಾಯಂಕಾಲದವರೆಗೆ ಬಿಟ್ಟೆ.

ಆಮೇಲಿನ ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಹುಟ್ಟದಿದ್ದರೆ ಊರು ಯಾರ ಕೈಯನ್ನು ತೋರಿಸುತ್ತದೆಂದು ಗೊತ್ತಿತ್ತು. ಒಂಬತ್ತನೆಯ ದಿನ ಆಕೆ ಬಂದು ಕರೆದೊಯ್ದಳು. ಹೊಲ ಸಾಲುಸಾಲಾಗಿ ಹಸಿರಾಗಿತ್ತು. ನಾನು ಬದುವಿನ ಮೇಲೆ ಕೂತುಬಿಟ್ಟೆ. ಆಕೆ ಸಾಲು ಹಿಡಿದು ನೋಡುತ್ತ ಹೋದವಳು ನಡುಹೊಲದಲ್ಲಿ ನಿಂತಳು. ಒಂದು ಕಡೆ ಹತ್ತು ಮಾರು ಉದ್ದ ಮಣ್ಣು ಬರಿದಾಗಿತ್ತು.

"ಇಲ್ಲೇನಾತ?"

"ಅಲ್ಲಿ ನನಗ ಅವರ ನೆನಪಾತು ಯಕ್ಕಾ. ಕಣ್ಣ ಒರಸ್ಕೊಂಡ್ನಿ."

"ಒರಸ್ಕೋ, ಬ್ಯಾಡನ್ನೂದಿಲ್ಲ. ಎಡಗೈಲೆ ಒರಸ್ಕೋ. ಬಲಗೈ ಕಾಳು ಬಿಡತಿರಬೇಕು, ತಂಗೀ."

ಇಬ್ಬರೂ ಕೂತು ಆ ಹತ್ತು ಮಾರಿಗೆ ಬೆರಳಿನಿಂದ ಕಾಳು ಊರಿದೆವು. ಅವು ತಡವಾಗಿ ಹುಟ್ಟಿದವು. ಮಾಘದಲ್ಲಿ ಉಳಿದ ಹೊಲವೆಲ್ಲ ಒಣಗಿ ಕೀಳಲು ಬಂದಾಗ ಅಲ್ಲಿ ಮಾತ್ರ ಇನ್ನೂ ಹಸಿ ಕಾಯಿ ಇದ್ದವು. ಶಿವರಾತ್ರಿಯ ಹಿಂದಿನ ದಿನ, ಹೇಳದೆ ಕೇಳದೆ, ಅಣ್ಣ ಬಸ್ಸಿನಿಂದ ಇಳಿದು ನೇರ ಹೊಲಕ್ಕೆ ಬಂದ. ಆ ಸಾಲಿನಿಂದ ಒಂದು ಹಿಡಿ ಗಿಡ ಕಿತ್ತು ಅವನ ಕೈಗೆ ಕೊಟ್ಟೆ. ಅವನು ಬದುವಿನ ಮೇಲೆ ಕೂತು ಒಂದೊಂದೇ ಕಾಯಿ ಸುಲಿದು ತಿಂದ. ಎಲ್ಲ ತಿಂದು ಮುಗಿಸಿ ಹೊಲವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, "ಇನ್ನೊಂದಿಷ್ಟು ಕೊಡು, ಮಕ್ಕಳಿಗೆ ಒಯ್ತೀನಿ" ಎಂದ.